ಬೇಸಿಗೆಯ ಮನೆಗೆ ಹಣ್ಣಿನ ಅಲಂಕಾರ: ಕಾಗದವಾ, ಬಟ್ಟೆಯಾ, ಕರಟವಾ?

ನಮ್ಮ ಉತ್ತರ ಕನ್ನಡದವರಿಗೆ ಮನೆಯೊಳಗೆ ಹಣ್ಣು ತೂಗುಹಾಕುವುದು ಹೊಸತೇನಲ್ಲ. ಚೌತಿ ಬಂತೆಂದರೆ ಗಣಪತಿಯ ಮೇಲೆ ಫಲಾವಳಿ ಕಟ್ಟಲೇಬೇಕು. ಅಡಿಕೆ ದಬ್ಬೆಯ ಚೌಕಟ್ಟು, ಅದಕ್ಕೆ ಅಡಿಕೆಗೊನೆ, ತೆಂಗಿನಕಾಯಿ, ಮೊಗೆಕಾಯಿ, ಹಾಗಲ, ಚಕ್ಕೋತ, ಮಾದಲ. ಕೊಂಕಣಿ ಮಾತಾಡುವ ಮನೆಗಳಲ್ಲಿ ಇದಕ್ಕೇ ಮಾಟೋಳಿ ಅಂತಾರೆ. ಹಬ್ಬ ಮುಗಿದು ಹಣ್ಣು ಇಳಿಸಿದ ಮೇಲೆ ಆ ಚೌಕಟ್ಟು ವರ್ಷವಿಡೀ ಖಾಲಿ.

ಆದರೆ ನಮ್ಮಲ್ಲಿ ನಿಜವಾದ ಹಣ್ಣಿನ ಕಾಲ ಬೇಸಿಗೆ ಅಲ್ವಾ? ಗೇರು, ಮಾವು, ಹಲಸು, ಮುರುಗಲು (ಕೋಕಂ), ಕವಳಿ ಎಲ್ಲ ಬರುವುದು ಆಗಲೇ. ಮಕ್ಕಳಿಗೆ ರಜೆ ಇರುವುದೂ ಆಗಲೇ. ಆ ಖಾಲಿ ಚೌಕಟ್ಟು ನೋಡಿಯೇ ನನಗೆ ಬೇಸಿಗೆ ಫಲಾವಳಿಯ ಯೋಚನೆ ಬಂದದ್ದು. ಬೇಕಾದ್ದೆಲ್ಲ ಮನೆಯಲ್ಲೇ ಇರುತ್ತದೆ. ಹಳೇ ಪೇಪರು, ಹರಿದ ಸೀರೆ, ಕಾಯಿ ಹೆರೆದು ಉಳಿದ ಕರಟ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಕೊಳ್ಳಬೇಕಾದದ್ದು ಬಣ್ಣ ಮತ್ತು ಅಂಟು ಮಾತ್ರ.

ನನ್ನ ತವರು ಶಿರಸಿಯ ಹತ್ತಿರದ ಹಳ್ಳಿ. ಈಗ ಇರುವುದು ಕಾರವಾರದ ಕಾಜುಬಾಗದಲ್ಲಿ. ಊರಿನ ಹೆಸರಲ್ಲೇ ಗೇರು ಇದೆ ನೋಡಿ. ಎರಡೂ ಮನೆಗಳಲ್ಲಿ ಈ ಅಲಂಕಾರ ಮಾಡಿ ನೋಡಿದ್ದೇನೆ. ಒಂದೇ ವಸ್ತು ಎರಡು ಮನೆಯಲ್ಲಿ ಎರಡು ಥರ ನಡೆದುಕೊಳ್ಳುತ್ತದೆ. ಅದಕ್ಕೇ ಯಾರಾದರೂ ‘ಯಾವುದರಲ್ಲಿ ಮಾಡೋದು ಒಳ್ಳೇದು?’ ಎಂದು ಕೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ನಿಮ್ಮ ಮನೆ ಘಟ್ಟದ ಮೇಲಾ, ಕೆಳಗಾ?

ಮೊದಲು ಉಪ್ಪಿನ ಪರೀಕ್ಷೆ

ರಾತ್ರಿ ಮಲಗುವ ಮುಂಚೆ ಒಂದು ಚಮಚ ಹರಳುಪ್ಪನ್ನು ತಟ್ಟೆಯಲ್ಲಿ ಹಾಕಿ, ಅಲಂಕಾರ ಮಾಡಬೇಕೆಂದಿರುವ ಜಾಗದಲ್ಲಿ ಇಡಿ. ಬೆಳಿಗ್ಗೆ ಉಪ್ಪು ಗರಿಗರಿಯಾಗಿದ್ದರೆ ನೀವು ಏನು ಬೇಕಾದರೂ ಮಾಡಬಹುದು. ತಟ್ಟೆ ಒದ್ದೆಯಾಗಿದ್ದರೆ ಕಾಗದದ ಆಸೆ ಬಿಟ್ಟುಬಿಡಿ. ಗಾಳಿಯಲ್ಲಿನ ತೇವ ಶೇಕಡಾ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಕಡಲ ದಂಡೆಯ ಮನೆಗಳಲ್ಲಿ ಏಪ್ರಿಲ್ ರಾತ್ರಿಯಲ್ಲೂ ಇದು ಆಗುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಾರ್ಚ್ ಹೊತ್ತಿಗೆ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಹಚ್ಚಿಟ್ಟ ಹಪ್ಪಳ ಸಂಜೆಯೊಳಗೆ ಮಗುಚಲು ಬರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದರೆ ಅದೇ ಹಪ್ಪಳಕ್ಕೆ ಇನ್ನೂ ಒಂದು ದಿನ ಬೇಕು.

ಎರಡನೇ ಪ್ರಶ್ನೆ, ಎಷ್ಟು ದಿನ ಇರಬೇಕು? ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಅಲ್ಲಿಯ ತನಕ ಇದ್ದರೆ ಸಾಕು ಅನ್ನುವವರ ದಾರಿ ಬೇರೆ. ಮುಂದಿನ ವರ್ಷವೂ ಬೇಕು ಅನ್ನುವವರ ದಾರಿ ಬೇರೆ. ಈ ಎರಡು ತೀರ್ಮಾನವಾದರೆ ಮುಂದಿನದು ಸುಲಭ.

ಕಾಗದ: ಬೇಗ ಆಗುತ್ತದೆ, ಬೇಗ ಹೋಗುತ್ತದೆ

ಕಾಗದದಲ್ಲಿ ಎರಡು ಥರ. ಒಂದು, ಕತ್ತರಿಸಿ ಪೋಣಿಸುವ ಮಾಲೆ. ಇನ್ನೊಂದು, ಪೇಪರ್ ಚೂರು ಅಂಟಿಸಿ ಮಾಡುವ ಉಬ್ಬಿದ ಹಣ್ಣು.

ಮಾಲೆ ಮಾಡಲು ಮದುವೆ ಕರೆಯೋಲೆ ಬಹಳ ಒಳ್ಳೆಯದು. ದಪ್ಪ ಇರುತ್ತದೆ, ಒಂದು ಬದಿ ಸಾಮಾನ್ಯವಾಗಿ ಕೆಂಪೋ ಹಳದಿಯೋ ಆಗಿರುತ್ತದೆ. ಬಟ್ಟಲು ಬೋರಲು ಇಟ್ಟು ಗೆರೆ ಎಳೆದು ಕತ್ತರಿಸಿ, ಅರ್ಧಕ್ಕೆ ಮಡಚಿದರೆ ಕಲ್ಲಂಗಡಿ ಹೋಳು. ಅಂಚಿಗೆ ಹಸಿರು ಬಣ್ಣ, ನಡುವೆ ಕಪ್ಪು ಸ್ಕೆಚ್ ಪೆನ್ನಿನ ಬೀಜ. ಮಡಚಿದ ಜಾಗದಲ್ಲಿ ದಾರ ಇಟ್ಟು ಅಂಟಿಸಿದರೆ ಆಯಿತು. ಕಳೆದ ವರ್ಷದ ಕ್ಯಾಲೆಂಡರ್ ಹಾಳೆಯನ್ನು ಬೀಸಣಿಗೆಯ ಹಾಗೆ ಮಡಚಿ, ಎರಡು ಬೀಸಣಿಗೆ ಸೇರಿಸಿದರೆ ನಿಂಬೆಯ ಬಿಲ್ಲೆ. ಆರು ವರ್ಷದ ಮಗುವೂ ಮಾಡುತ್ತದೆ. ಮಧ್ಯಾಹ್ನ ಊಟ ಮುಗಿಸಿ ಕೂತರೆ ಚಹಾದ ಹೊತ್ತಿಗೆ ಬಾಗಿಲಿಗೆ ಕಟ್ಟಬಹುದು. ಹುಟ್ಟಿದ ಹಬ್ಬ, ನೆಂಟರು ಬರುವುದು ಇಂಥ ಎರಡು ದಿನದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಇಲ್ಲಿ ಕರಾವಳಿ, ಘಟ್ಟ ಎಂಬ ಭೇದವೂ ಬೇಡ.

ಉಬ್ಬಿದ ಹಣ್ಣಿನ ಕತೆ ಬೇರೆ. ಚಿಕ್ಕ ಬಲೂನನ್ನು ಮಾವಿನ ಗಾತ್ರಕ್ಕೆ ಊದಿ, ಬೆರಳಗಲದ ಪೇಪರ್ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಸುತ್ತಬೇಕು. ಅಂಟು ಅಂದರೆ ಮೈದಾ ಗಂಜಿ. ಎರಡು ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಂದೂವರೆ ಲೋಟ ಕುದಿಯುವ ನೀರಿಗೆ ಸುರಿದು ತಿರುವುತ್ತಾ ಇದ್ದರೆ ಎರಡು ನಿಮಿಷದಲ್ಲಿ ದಪ್ಪಗಾಗುತ್ತದೆ. ಎರಡು ಸುತ್ತು ಅಂಟಿಸಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಇನ್ನೆರಡು ಸುತ್ತು. ಕೊನೆಯ ಸುತ್ತಿಗೆ ಅಕ್ಷರ ಇಲ್ಲದ ಬಿಳಿ ಕಾಗದ ಹಾಕಿದರೆ ಬಣ್ಣ ಚೆನ್ನಾಗಿ ಕೂರುತ್ತದೆ.

ಈ ‘ಪೂರ್ತಿ ಒಣಗಿದ ಮೇಲೆ’ ಅನ್ನುವುದರಲ್ಲೇ ಎಲ್ಲ ಇದೆ. ಮೊದಲ ಸಲ ಕಾರವಾರದಲ್ಲಿ ಮಾಡಿದಾಗ ನನಗೆ ತಾಳ್ಮೆ ಸಾಲಲಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇತ್ತು, ಬಣ್ಣ ಬಳಿದೆ. ಹದಿನೈದು ದಿನಕ್ಕೆ ಹಳದಿ ಮಾವಿನ ಮೇಲೆ ಬೂದು ಚುಕ್ಕೆ ಎದ್ದವು. ಕೈಯಲ್ಲಿ ಹಿಡಿದರೆ ಒಳಗಿನ ಪೇಪರ್ ಇನ್ನೂ ತಣ್ಣಗಿತ್ತು, ಮುಗ್ಗಲು ವಾಸನೆ. ಹನ್ನೊಂದು ಮಾವನ್ನೂ ಒಲೆಗೆ ಹಾಕಿದೆ. ಫೋನಿನಲ್ಲಿ ಹೇಳಿದರೆ ಆಯಿ, ಅಂದರೆ ನನ್ನ ಅಮ್ಮ, ಅಂದದ್ದು ಇಷ್ಟೇ: ‘ಒಣಗ್ದೇ ಬಣ್ಣ ಹಚ್ಚಡ ಕೂಸೇ’ (ಒಣಗದೆ ಬಣ್ಣ ಹಚ್ಚಬೇಡ ಮಗಳೇ). ಮರುವರ್ಷ ತವರಿಗೆ ಹೋದಾಗ ಅದೇ ಮಾವನ್ನು ಅದೇ ಅಂಟಿನಲ್ಲಿ ಮಾಡಿ ಅಂಗಳದ ಬಿಸಿಲಿಗೆ ಇಟ್ಟೆ. ಅವು ಮೂರು ವರ್ಷ ಬಂದವು. ಮಳೆಗಾಲದಲ್ಲಿ ಆಯಿ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಸ್ವಲ್ಪ ಹೊಗೆಬಣ್ಣ ಹತ್ತಿತ್ತು, ಅದೂ ಚಂದವೇ ಕಾಣುತ್ತಿತ್ತು.

ಮೈದಾ ಅಂಟಿಗೆ ಇರುವೆ, ಜಿರಳೆ ಬರುತ್ತವೆ. ಹಿಂದೆ ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ನಮ್ಮ ಕಡೆ ಅಡಿಕೆ ತೋಟ ಇರುವ ಮನೆಗಳಲ್ಲಿ ಕೊಳೆರೋಗದ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇದ್ದೇ ಇರುತ್ತದೆ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ದಯವಿಟ್ಟು ಹಾಕಬೇಡಿ. ಅದು ವಿಷ. ಮಕ್ಕಳು ಈ ಅಂಟನ್ನು ಬರಿಗೈಯಲ್ಲಿ ಮುಟ್ಟುತ್ತಾರೆ, ಬೆರಳು ಬಾಯಿಗೆ ಹೋಗುತ್ತದೆ. ಮೈದಾ ಬದಲು ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಬಳಸಿದರೆ ಇರುವೆಯ ತೊಂದರೆ ಇಲ್ಲ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಕರಾವಳಿಯಲ್ಲಿ ಕಾಗದದ ಹಣ್ಣು ಮಾಡಲೇಬೇಕು ಅನ್ನುವವರಿಗೆ ಅದೊಂದೇ ದಾರಿ.

ಬಟ್ಟೆ: ಕರಾವಳಿಗೆ ನನ್ನ ಆಯ್ಕೆ

ಬಟ್ಟೆಗೆ ಸಮಯ ಬೇಕು. ಆದರೆ ಒಮ್ಮೆ ಮಾಡಿದರೆ ತೊಳೆಯಬಹುದು, ಬಿಸಿಲಿಗೆ ಹಾಕಬಹುದು, ಮಗು ಎಸೆದರೂ ಒಡೆಯುವುದಿಲ್ಲ. ಕಾರವಾರದ ನಮ್ಮ ಮನೆಯಲ್ಲಿ ಈಗ ಇರುವುದೆಲ್ಲ ಹೆಚ್ಚಾಗಿ ಬಟ್ಟೆಯದ್ದೇ.

ತೂಗುಹಾಕುವ ಮಾವಿಗೆ ಬ್ಲೌಸ್ ಪೀಸ್ ಸಾಕು. ಬಾಗಿನಕ್ಕೆ ಬಂದ, ಯಾರೂ ಹೊಲಿಸದ ಬ್ಲೌಸ್ ಪೀಸ್ ಯಾವ ಮನೆಯಲ್ಲಿ ಇಲ್ಲ ಹೇಳಿ! ಪೇಪರಿನಲ್ಲಿ ಮಾವಿನ ಆಕಾರ ಕತ್ತರಿಸಿ, ಅದನ್ನು ಎರಡು ಪದರ ಬಟ್ಟೆಯ ಮೇಲಿಟ್ಟು, ಸುತ್ತ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಒಳಮೈ ಹೊರಗೆ ಮಾಡಿ ಹೊಲಿಯಿರಿ, ಎರಡು ಬೆರಳು ಹೋಗುವಷ್ಟು ಜಾಗ ಬಿಡಿ. ಮೂತಿ ಬಾಗುವ ಕಡೆ ಹೊಲಿಗೆಯ ತನಕ ಸಣ್ಣ ಸಣ್ಣ ಕತ್ತರಿ ಗುರುತು ಹಾಕಿ. ಇದನ್ನು ಬಿಟ್ಟರೆ ಮಗುಚಿದ ಮೇಲೆ ಮಾವು ಸುಕ್ಕಾಗುತ್ತದೆ, ಆಕಾರ ಬರುವುದಿಲ್ಲ. ತುಂಬಲು ಹಳೇ ಹಾಸಿಗೆಯ ಹತ್ತಿ ಬೇಡ. ಕಡಲ ಗಾಳಿಗೆ ತೇವ ಹಿಡಿದು ವಾಸನೆ ಬರುತ್ತದೆ. ಹಳೇ ಪಾಲಿಯೆಸ್ಟರ್ ಸೀರೆಯನ್ನು ಸಣ್ಣಗೆ ಕತ್ತರಿಸಿ ತುಂಬಿದರೆ ಬೇಗ ಒಣಗುತ್ತದೆ. ಘಟ್ಟದ ಮೇಲಿನವರು ಹತ್ತಿಯನ್ನೇ ತುಂಬಬಹುದು.

ಇಷ್ಟೇ ಆಗಿದ್ದರೆ ನಾನು ಬಟ್ಟೆಯ ಬಗ್ಗೆ ಇಷ್ಟು ಬರೆಯುತ್ತಿರಲಿಲ್ಲ. ಕಲ್ಲಂಗಡಿ ದಿಂಬಿನ ಬಗ್ಗೆ ಹೇಳಲೇಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿ ಚೂರುಗಳಿಂದ ಕೌದಿ ಹೊಲಿಯುತ್ತಾರೆ. ಅವರ ಕೌದಿ ಅಂಚಿನಿಂದ ಶುರುವಾಗುತ್ತದೆ. ಒಂದು ಮೂಲೆಯಿಂದ ಹಿಡಿದು ಸುತ್ತ ಸುತ್ತ ಚೂರು ಇಡುತ್ತಾ, ಕೈಹೊಲಿಗೆಯ ಸಾಲು ಹಾಕುತ್ತಾ ನಡುವಿಗೆ ಬರುತ್ತಾರೆ. ಮುಗಿಸುವಾಗ ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಇಡುತ್ತಾರೆ. ಅಂಥ ಒಂದು ಕೌದಿಯನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ಹೊಳೆಯಿತು, ಕಲ್ಲಂಗಡಿಯೂ ಹೀಗೇ ಅಲ್ವಾ? ಹೊರಗೆ ಹಸಿರು, ಆಮೇಲೆ ತೆಳುವಾದ ಬಿಳಿ, ಆಮೇಲೆ ಕೆಂಪು.

ಹಾಗೇ ಮಾಡಿದೆ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ವೃತ್ತವನ್ನು ಹಳೇ ಪಂಚೆಯಲ್ಲಿ ಕತ್ತರಿಸಿಕೊಂಡೆ. ಅಂಚಿಗೆ ಹಸಿರು ಸೀರೆಯ ಚೂರುಗಳು. ಒಂದೇ ಹಸಿರಲ್ಲ, ಗಿಳಿಹಸಿರು, ಕಡುಹಸಿರು, ಪಾಚಿಹಸಿರು, ಯಾವುದು ಸಿಕ್ಕಿತೋ ಅದು. ಒಂದು ಚೂರಿನ ಅಂಚು ಇನ್ನೊಂದರ ಕೆಳಗೆ ಮಡಚಿ, ಬಿಳಿ ದಾರದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ. ಒಂದು ಸುತ್ತು ಆದ ಮೇಲೆ ಅರ್ಧ ಬೆರಳು ಒಳಗೆ ಇನ್ನೊಂದು ಸುತ್ತು. ಎರಡು ಸುತ್ತು ಬಿಳಿ ಪಂಚೆಯ ಪಟ್ಟಿ. ಆಮೇಲೆ ಪೂರ್ತಿ ಕೆಂಪು, ಗುಲಾಬಿ. ಬೀಜಕ್ಕೆ ಹಳೇ ಅಂಗಿಯ ಕಪ್ಪು ಗುಂಡಿ. ದಿನಕ್ಕೆ ಒಂದು ಗಂಟೆಯಂತೆ ಎಂಟು ದಿನ ಹಿಡಿಯಿತು. ಹೊಲಿಗೆಯ ಸುತ್ತುಗಳಿಂದ ಬಟ್ಟೆ ಸ್ವಲ್ಪ ಸ್ವಲ್ಪ ನೆರಿಗೆ ಬಿದ್ದು, ಮುಟ್ಟಿದರೆ ನಿಜವಾದ ಹಣ್ಣಿನ ತಿರುಳಿನ ಹಾಗೆ ತರಿತರಿ. ಅತ್ತೆ ಈಗ ಮಧ್ಯಾಹ್ನ ಮಲಗುವುದು ಅದರ ಮೇಲೇ. ಅಂಗಡಿಯ ಪ್ರಿಂಟೆಡ್ ದಿಂಬಿನ ಕವರ್ ಇದರ ಹತ್ತಿರವೂ ಬರುವುದಿಲ್ಲ. ಪುಟ್ಟ ಮಗು ಇರುವ ಮನೆಯಾದರೆ ಗುಂಡಿ ಬೇಡ, ಕಪ್ಪು ದಾರದಲ್ಲೇ ಬೀಜ ಹೊಲಿಯಿರಿ. ಗುಂಡಿ ಕಿತ್ತು ನುಂಗಿದರೆ ಕಷ್ಟ.

ಬಣ್ಣದ ಬಟ್ಟೆ ಇಲ್ಲ, ಬಿಳಿ ಪಂಚೆ ಮಾತ್ರ ಇದೆ ಅಂದರೆ ಮನೆಯಲ್ಲೇ ಬಣ್ಣ ಹಾಕಬಹುದು. ಅರಿಶಿನ ಕುದಿಸಿ ಅದ್ದಿದರೆ ಒಳ್ಳೇ ನಿಂಬೆ ಬಣ್ಣ. ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಸೋಪು ತಾಗಿದರೆ ಕೆಂಪಾಗುತ್ತದೆ, ಕುಂಕುಮ ಮಾಡುವಾಗ ಅರಿಶಿನಕ್ಕೆ ಸುಣ್ಣ ಸೇರಿದರೆ ಆಗುವ ಹಾಗೇ. ನನ್ನ ನಿಂಬೆಹಣ್ಣುಗಳಿಗೆ ಹೀಗೇ ಆದಾಗ ಗಾಬರಿಯಾಗಿದ್ದೆ. ನಿಜವಾದ ನಿಂಬೆರಸ ಹಾಕಿದ ನೀರಲ್ಲಿ ಜಾಲಾಡಿದ ಮೇಲೆ ಮತ್ತೆ ಹಳದಿಯಾಯಿತು. ಮುರುಗಲು ಸಿಪ್ಪೆಯ ಬಣ್ಣ ನೋಡಲು ಬಹಳ ಚಂದ, ಆದರೆ ಬಟ್ಟೆಯ ಮೇಲೆ ನಿಲ್ಲುವುದಿಲ್ಲ. ಅದನ್ನು ಕುಡಿಯಲು ಇಟ್ಟುಕೊಳ್ಳಿ. ನಿಲ್ಲುವ ಬಣ್ಣ ಬೇಕೆಂದರೆ ಅಡಿಕೆ ಚೊಗರು. ಅಡಿಕೆ ಬೇಯಿಸಿದ ನೀರನ್ನು ಸುಗ್ಗಿಯಲ್ಲಿ ತೆಗೆದಿಟ್ಟವರ ಮನೆಯಿಂದ ಒಂದು ಬಾಟಲಿ ತನ್ನಿ. ಇಟ್ಟಿಗೆ ಕೆಂಪಿನ ಆ ಬಣ್ಣ ಗೇರುಹಣ್ಣಿಗೆ, ಹಣ್ಣಡಿಕೆಗೆ ಚೆನ್ನಾಗಿ ಹೊಂದುತ್ತದೆ. ಕೈಗೆ ಗ್ಲೋವ್ಸ್ ಇರಲಿ, ಉಗುರಿಗೆ ಹತ್ತಿದ್ದು ವಾರ ಹೋಗುವುದಿಲ್ಲ.

ಕರಟ ಮತ್ತು ಹಾಳೆ: ಒಮ್ಮೆ ಮಾಡಿ ವರ್ಷಗಟ್ಟಲೆ ಇಡಿ

ಗಟ್ಟಿತನದಲ್ಲಿ ಕರಟವನ್ನು ಮೀರಿಸುವುದು ಯಾವುದೂ ಇಲ್ಲ. ದಿನವೂ ಕಾಯಿ ಹೆರೆಯುವ ನಮ್ಮ ಮನೆಗಳಲ್ಲಿ ಇದು ಪುಕ್ಕಟೆ ಸಿಗುವ ಮರ ಅಂದರೂ ಸರಿ.

ಕೆಲಸ ಮಾತ್ರ ಕೈ ನೋಯಿಸುತ್ತದೆ. ಹೆರೆಮಣೆಯಲ್ಲಿ ಹೆರೆದ ಮೇಲೆ ಒಳಗೆ ಕಂದು ಸಿಪ್ಪೆ ಅಂಟಿಕೊಂಡಿರುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿ ಹಳೇ ಚಮಚದಿಂದ ಕೆರೆದರೆ ಏಳುತ್ತದೆ. ಕೊಬ್ಬರಿ ಅಂಶ ಉಳಿದರೆ ಇರುವೆ ಮುತ್ತುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ಎರಡು ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಹೊರಮೈಯ ನಾರನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಪಾಲಿಶ್ ಪೇಪರ್ ಮೊದಲು ದೊರಗಿನದ್ದು, ಆಮೇಲೆ ನುಣುಪಿನದ್ದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿ ಗಂಟಲಿಗೆ ಹೋಗುತ್ತದೆ.

ಮೂರು ಕಣ್ಣಿರುವ ಭಾಗವನ್ನು ತೂಗುಹಾಕಲು ಇಟ್ಟುಕೊಳ್ಳಿ. ಆ ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಮೊಳಕೆ ಬರುವುದು ಅದರಿಂದಲೇ. ಸ್ಕ್ರೂ ಡ್ರೈವರ್ ಒತ್ತಿದರೆ ತೂತಾಗುತ್ತದೆ, ಡ್ರಿಲ್ ಬೇಕಿಲ್ಲ. ಕಣ್ಣಿಲ್ಲದ ಭಾಗ ಗೋಡೆಗೆ, ಮೇಜಿಗೆ.

ಕಲ್ಲಂಗಡಿ ಮಾಡುವುದಾದರೆ ಹೊರಗೆ ಹಸಿರು, ಬಾಯಿಯ ಅಂಚಿಗೆ ಬಿಳಿ, ಒಳಗೆ ಕೆಂಪು. ಕಿತ್ತಳೆಯಾದರೆ ಒಳಗೆ ತೊಳೆಗಳ ಗೆರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುರುಗಲು. ಸಣ್ಣ ಕಾಯಿಯ ಕರಟ ಆರಿಸಿ, ಹೊರಗೆ ಕಡುಕೆಂಪು, ಒಳಗೆ ನೇರಳೆ ಬೆರೆಸಿದ ಗುಲಾಬಿ, ನಡುವೆ ಬೀಜದ ಜಾಗಕ್ಕೆ ಬಿಳಿಬಿಳಿ ಉಂಡೆ. ಶಿರಸಿಯವರು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ.

ಪೋಸ್ಟರ್ ಕಲರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಒದ್ದೆ ಕೈ ತಾಗಿದರೆ ಏಳುತ್ತದೆ. ಮನೆಗೆ ಬಣ್ಣ ಬಳಿದಾಗ ಉಳಿದ ಪ್ರೈಮರ್ ಒಂದು ಕೋಟ್ ಕೊಟ್ಟು, ಮೇಲೆ ಅಕ್ರಿಲಿಕ್ ಹಚ್ಚಿ. ಜಗಲಿಯಲ್ಲಿ ಮಳೆ ಎರಚಲು ಬಡಿಯುವ ಜಾಗವಾದರೆ ಆಯಿಲ್ ಪೇಂಟ್. ನಮ್ಮ ಜಗಲಿಯ ಆರು ಕರಟಗಳಿಗೆ ಆಯಿಲ್ ಪೇಂಟ್ ಹಚ್ಚಿದ್ದೆ. ಎರಡು ಮಳೆಗಾಲ ಕಂಡಿವೆ, ಬಣ್ಣ ಸ್ವಲ್ಪ ಮಂಕಾಗಿದೆ ಅಷ್ಟೇ. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುವ ಸದ್ದು ಬಹಳ ಹಿತ.

ಅಡಿಕೆ ಹಾಳೆ ಇದಕ್ಕಿಂತ ಸುಲಭ, ಆದರೆ ಘಟ್ಟದ ಮೇಲಿನ ಮನೆಗೇ ಹೇಳಿ ಮಾಡಿಸಿದ್ದು. ಒಣ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಮೆತ್ತಗಾಗುತ್ತದೆ, ಕತ್ತರಿಯಲ್ಲೇ ಕತ್ತರಿಸಬಹುದು. ಮಾವು, ಮಾವಿನೆಲೆ, ಬಾಳೆಹಣ್ಣು, ಏನು ಬೇಕಾದರೂ. ಕತ್ತರಿಸಿದ್ದನ್ನು ಹಲಗೆಯ ಕೆಳಗಿಟ್ಟು ಮೇಲೆ ಗುಂಡುಕಲ್ಲು ಹೇರಿ ಒಣಗಿಸಿ, ಇಲ್ಲದಿದ್ದರೆ ಮುದುರುತ್ತದೆ. ಜನವರಿಯಿಂದ ಮೇ ತನಕ ಬಿದ್ದ ಹಾಳೆಯನ್ನೇ ಆರಿಸಿ. ಮಳೆಗೆ ನೆನೆದ ಹಾಳೆಯಲ್ಲಿ ಕಪ್ಪು ಕಲೆ ಇರುತ್ತದೆ, ಬೂಸ್ಟು ಬೇಗ ಬರುತ್ತದೆ. ಬಣ್ಣ ಪೂರ್ತಿ ತುಂಬಬೇಡಿ. ಹಾಳೆಯ ಸ್ವಂತ ಬಣ್ಣ ಬಿಟ್ಟು ಗೆರೆ, ಚುಕ್ಕೆ ಮಾತ್ರ ಇಡಿ. ಶಿರಸಿ, ಸಿದ್ದಾಪುರ, ಸಾಗರ ಕಡೆಯ ದೀವರ ಹೆಂಗಸರು ಬಿಡಿಸುವ ಹಸೆ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಅದರ ಅಚ್ಚುಕಟ್ಟು ಕಣ್ಣಮುಂದೆ ಇಟ್ಟುಕೊಂಡರೆ ಸಾಕು, ಹಾಳೆಯ ಮಾವು ಬಹಳ ಚಂದ ಬರುತ್ತದೆ.

ತೋಟ ಇಲ್ಲದ ಪೇಟೆಯವರು ಬೇಸರ ಮಾಡಬೇಕಿಲ್ಲ. ಯಾವುದೋ ಊಟದ ಮನೆಯಲ್ಲಿ ಉಳಿದ ಬಳಸದ ಹಾಳೆ ತಟ್ಟೆ ಸಾಕು. ತಟ್ಟೆಯನ್ನು ಅರ್ಧ ಮಾಡಿದರೆ ಎರಡು ಕಲ್ಲಂಗಡಿ ಹೋಳು, ಇಡಿಯಾಗಿ ಬಿಟ್ಟರೆ ಕಿತ್ತಳೆ ಬಿಲ್ಲೆ. ಅಂಚು ಎದ್ದಿರುವುದರಿಂದ ಗೋಡೆಯ ಮೇಲೆ ಒಳ್ಳೇ ನೆರಳು ಬೀಳುತ್ತದೆ. ಕರಾವಳಿಯಲ್ಲಾದರೆ ಹಿಂದೆ ಮುಂದೆ ಎರಡೂ ಕಡೆ ವಾರ್ನಿಶ್ ಹಚ್ಚಿ.

ನಿಜವಾದ ಹಣ್ಣು

ಕಿತ್ತಳೆ, ಮೋಸಂಬಿ, ನಿಂಬೆಯ ಬಿಲ್ಲೆ ಒಣಗಿಸಿ ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದರೆ ಬೆಳಕು ಅದರ ಮೂಲಕ ಬರುತ್ತದೆ, ಬಣ್ಣದ ಗಾಜಿನ ಹಾಗೆ. ಎಲ್ಲಕ್ಕಿಂತ ಚಂದ ಇದೇ. ಎಲ್ಲಕ್ಕಿಂತ ನಾಜೂಕೂ ಇದೇ. ಎರಡು ರಟ್ಟು ಸೇರಿಸಿದಷ್ಟು ದಪ್ಪಕ್ಕೆ ಕತ್ತರಿಸಿ, ಬಟ್ಟೆಯಿಂದ ರಸ ಒತ್ತಿ ತೆಗೆದು, ಜರಡಿಯ ಮೇಲೆ ಹರಡಿ ತೆಳು ಪಂಚೆ ಮುಚ್ಚಿ. ತವರಿನಲ್ಲಿ ಹಲಸಿನ ಹಪ್ಪಳ ಒಣಗಿಸುವ ದಿನಗಳಲ್ಲೇ ಇದನ್ನೂ ಇಡುತ್ತೇವೆ, ಕಾಗೆ ಕಾಯುವ ಮಕ್ಕಳು ಇದನ್ನೂ ಕಾಯುತ್ತಾರೆ. ನಾಲ್ಕೈದು ದಿನದಲ್ಲಿ ಗರಿಗರಿ. ರಾತ್ರಿ ಮಾತ್ರ ಒಳಗೆ ತರಬೇಕು. ಕಾರವಾರದಲ್ಲಿ ಎರಡು ಸಲ ಮಾಡಿದೆ, ಎರಡು ಸಲವೂ ಮೂರನೇ ದಿನಕ್ಕೆ ಬೂಸ್ಟು. ಓವನ್ ಇದ್ದರೆ 100 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ, ನಡುವೆ ಮಗುಚುತ್ತಾ ಇರಬೇಕು. ಅಷ್ಟು ಹೊತ್ತಿನ ಕರೆಂಟ್ ಬಿಲ್ ನೋಡಿದರೆ ಅಗ್ಗದ ಅಲಂಕಾರ ಅನ್ನಲಾಗದು. ಒಣಗಿದ ಮೇಲೂ ಕಡಲ ಗಾಳಿಗೆ ಮತ್ತೆ ಮೆತ್ತಗಾಗುತ್ತದೆ. ಕರಾವಳಿಯವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಅದರ ಬದಲು ಸುಮ್ನೆ ತಾಜಾ ಹಣ್ಣನ್ನೇ ಇಡಿ. ರವಿವಾರದ ಕಾರವಾರ ಸಂತೆಯಿಂದ ತಂದ ಮಾವನ್ನು ಫ್ರಿಜ್ಜಿಗೆ ಹಾಕುವ ಬದಲು ಹಿತ್ತಾಳೆ ಹರಿವಾಣದಲ್ಲಿ ಮಾವಿನೆಲೆ ಹಾಸಿ ಹೊರಗಿಡಿ. ಅಂಕೋಲೆಯ ಕರಿ ಇಶಾಡು ಮಾವು ಸಿಕ್ಕಿದರೆ ಮನೆಯಿಡೀ ಪರಿಮಳ. ಆ ಹಣ್ಣಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಸಿಪ್ಪೆ ಬಹಳ ತೆಳು, ದೂರದ ಊರಿಗೆ ಕಳಿಸಿದರೆ ತಡೆಯುವುದಿಲ್ಲ, ಹಾಗಾಗಿ ಅದನ್ನು ನೋಡಿ ತಿನ್ನುವ ಭಾಗ್ಯ ನಮ್ಮದೇ. ಎರಡು ದಿನ ಅಲಂಕಾರ, ಮೂರನೇ ದಿನ ಊಟಕ್ಕೆ. ತಿಂದ ಮೇಲೆ ಗೊರಟೆಯನ್ನು ತಿಕ್ಕಿ ತೊಳೆದು ಒಣಗಿಸಿದರೆ ನಾರು ಕೂದಲಿನ ಹಾಗೆ ಏಳುತ್ತದೆ. ನಾರು ಜಾಸ್ತಿ ಇರುವ ಕಾಟುಮಾವಿನ ಗೊರಟೆ ಇನ್ನೂ ಒಳ್ಳೇದು. ಅದಕ್ಕೆ ಕಣ್ಣು, ಮೂಗು ಬರೆದು ಮಕ್ಕಳು ಗೊಂಬೆ ಮಾಡುತ್ತಾರೆ.

ಗೇರುಹಣ್ಣನ್ನು ಬೀಜದ ಸಮೇತ ತೂಗುಹಾಕಿದರೆ ನೋಡಲು ಚಂದ, ಆದರೆ ಒಂದು ದಿನಕ್ಕೆ ಬಾಡುತ್ತದೆ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ಸೂಜಿ ಚುಚ್ಚಲೂ ಹೋಗಬೇಡಿ. ಗೇರುಹಣ್ಣು ಬೇಕೆಂದರೆ ಬಟ್ಟೆಯಲ್ಲೇ ಹೊಲಿಯಿರಿ.

ಬಾಟಲಿ, ಕಲ್ಲು

ಪ್ಲಾಸ್ಟಿಕ್ ಬಾಟಲಿಯ ಎರಡು ತಳ ಕತ್ತರಿಸಿ ಒಂದರೊಳಗೊಂದು ಸೇರಿಸಿದರೆ ಸೇಬು. ತೇವಕ್ಕೆ, ಮಳೆಗೆ ಏನೂ ಆಗುವುದಿಲ್ಲ. ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ, ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ. ಸೇಬು ನಮ್ಮ ಬೇಸಿಗೆಯ ಹಣ್ಣೂ ಅಲ್ಲ. ನನಗೆ ಮನಸ್ಸಾಗಲಿಲ್ಲ. ಹೊಳೆಯ ನುಣುಪು ಕಲ್ಲಿಗೆ ಬಣ್ಣ ಹಚ್ಚಿ ಕವಳಿ, ನೇರಳೆ ಮಾಡಿ ತುಳಸಿಕಟ್ಟೆಯ ಸುತ್ತ, ಹೂಕುಂಡದಲ್ಲಿ ಇಡುವುದು ಮಾತ್ರ ಚಂದ. ಅರ್ಧ ಗಂಟೆಯ ಕೆಲಸ, ಹಾಳಾಗುವುದಿಲ್ಲ, ಚಿಕ್ಕ ಮಕ್ಕಳಿಗೂ ಬರುತ್ತದೆ.

ನಿಮ್ಮ ಮನೆಗೆ ಯಾವುದು?

ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ ಅಂದರೆ ಬಟ್ಟೆಯ ಹಣ್ಣನ್ನು ಕಿಟಕಿಯ ಸರಳಿಗೆ, ಪರದೆಯ ಕಂಬಿಗೆ ಕಟ್ಟಿ. ಹಗುರ ಇರುತ್ತದೆ, ಮನೆ ಬಿಡುವಾಗ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ರಜೆಗೆ ಬಂದ ಮಕ್ಕಳನ್ನು ಒಂದು ವಾರ ಮೊಬೈಲ್ ಬಿಡಿಸಿ ಕೂರಿಸಬೇಕು ಅಂದರೆ ಕಾಗದದ ಉಬ್ಬಿದ ಹಣ್ಣು. ಅದು ಹಾಳಾದರೂ ಚಿಂತೆಯಿಲ್ಲ, ಅಂಟು ಮೆತ್ತಿಕೊಂಡು ಮಾಡುವ ಆ ವಾರವೇ ಮುಖ್ಯ. ಮನೆಯಲ್ಲಿ ಹಿರಿಯರಿದ್ದು ಹಗಲು ಹೊತ್ತು ಹೋಗುವುದಿಲ್ಲ ಅನ್ನುತ್ತಿದ್ದರೆ ಕೌದಿ ಹೊಲಿಗೆಯ ದಿಂಬು ಶುರುಮಾಡಿ ಕೊಡಿ. ಕಣ್ಣು ಮಂಜಾಗಿದ್ದರೂ ದಪ್ಪ ಸೂಜಿ, ದಪ್ಪ ದಾರದಲ್ಲಿ ಕೈ ತಾನಾಗಿ ನಡೆಯುತ್ತದೆ. ಕಡಲಿಗೆ ಎದುರಾದ ಜಗಲಿಗೆ ಕರಟ ಬಿಟ್ಟರೆ ಬೇರೆ ಯೋಚನೆಯೇ ಬೇಡ. ಅಲ್ಲಿ ತಂತಿ ಬಳಸಬೇಡಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಗೋಡೆಗೆ ಕಲೆಯಾಗುತ್ತದೆ. ತೆಂಗಿನ ನಾರಿನ ಹಗ್ಗವೋ ನೈಲಾನ್ ದಾರವೋ ಸಾಕು.

ಖರ್ಚಿನ ಲೆಕ್ಕ ಹೇಳಬೇಕೆಂದರೆ, ಕಾಗದದ ಮಾಲೆಗೆ ನನಗೆ ಏನೂ ಬಿದ್ದಿಲ್ಲ. ಕರಟಕ್ಕೆ ಜಾಸ್ತಿ, ಯಾಕೆಂದರೆ ಬಣ್ಣ ಒಳ್ಳೆಯದೇ ಬೇಕು. ನಾಲ್ಕು ಬಣ್ಣದ ಸಣ್ಣ ಡಬ್ಬಿ ತಂದರೆ ಸಾಕು: ಕೆಂಪು, ಹಳದಿ, ಹಸಿರು, ಬಿಳಿ. ಕಿತ್ತಳೆ, ಗುಲಾಬಿಯನ್ನು ಬೆರೆಸಿಕೊಳ್ಳಬಹುದು; ಮುರುಗಲಿನ ನೇರಳೆಗೆ ಮಾತ್ರ ನೀಲಿಯೂ ಬೇಕು. ಕಪ್ಪು ಗೆರೆಗೆ ದೀಪದ ಮಸಿಯನ್ನು ಫೆವಿಕಾಲಿನಲ್ಲಿ ಕಲಸಿದರೂ ಆಗುತ್ತದೆ.

ಈ ಬೇಸಿಗೆಗೆ ನಮ್ಮ ಚೌಕಟ್ಟಿನಲ್ಲಿ ನಡುವೆ ಒಂದು ದೊಡ್ಡ ಬಟ್ಟೆ ಹಲಸು ಇದೆ. ಹಳೇ ಹಸಿರು ಟರ್ಕಿ ಟವೆಲಿನಲ್ಲಿ ಹೊಲಿದದ್ದು, ಅದರ ಜುಂಗು ಥೇಟ್ ಹಲಸಿನ ಮುಳ್ಳಿನ ಹಾಗೆ ಕಾಣುತ್ತದೆ. ಸುತ್ತ ಏಳು ಮಾವು, ನಾಲ್ಕು ಕರಟದ ಮುರುಗಲು, ಮೂಲೆಗಳಲ್ಲಿ ಗೇರು. ಮೇ ಕೊನೆಗೆ ಮೋಡ ಕಟ್ಟಿದ ಕೂಡಲೇ ಇಳಿಸುತ್ತೇವೆ. ಬಟ್ಟೆಯದ್ದನ್ನು ಒಂದು ಪೂರ್ತಿ ದಿನ ಬಿಸಿಲಿಗೆ ಹಾಕಿ, ಒಣ ಬೇವಿನೆಲೆಯ ಜೊತೆ ಸ್ಟೀಲ್ ಡಬ್ಬಿಗೆ. ಕರಟ ಹಾಗೇ ಜಗಲಿಗೆ. ಚೌಕಟ್ಟನ್ನು ಮಾತ್ರ ಒರೆಸಿ ಅಲ್ಲೇ ಬಿಡುತ್ತೇವೆ. ಚೌತಿಯ ಹಿಂದಿನ ದಿನ ಆಯಿ ತವರಿನಿಂದ ಅಡಿಕೆಗೊನೆ, ಚಕ್ಕೋತ ಕಳಿಸುತ್ತಾಳಲ್ಲ, ಅವನ್ನು ಕಟ್ಟುವುದು ಅದೇ ಗೂಟಗಳಿಗೆ.